ಜೀವ ವಿಮಾ ಕಂಪನಿಯ ಹೊಸ ಲೆಕ್ಕಪತ್ರ ಓದುವುದು ಹೇಗೆ?

ಜೀವ ವಿಮಾ ಕಂಪನಿಯ ವಾರ್ಷಿಕ ವರದಿ ಸಿಕ್ಕಿದರೆ ಎಲ್ಲರೂ ಮೊದಲು ಹುಡುಕುತ್ತಿದ್ದದ್ದು ಒಂದೇ ಅಂಕಿ: ಈ ವರ್ಷ ಬಂದ ಪ್ರೀಮಿಯಂ ಎಷ್ಟು? 2023ರ ಜನವರಿ 1ರಂದು ಜಾರಿಗೆ ಬಂದ ಐಎಫ್‌ಆರ್‌ಎಸ್ 17 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಪಾಲಿಸುವ ಕಂಪನಿಗಳ ಲಾಭ–ನಷ್ಟದ ಪಟ್ಟಿಯಲ್ಲಿ ಆ ಸಾಲೇ ಇರುವುದಿಲ್ಲ.

ಅದರ ಜಾಗದಲ್ಲಿರುವ ‘ವಿಮಾ ವರಮಾನ’ದಿಂದ ಓದು ಶುರು ಮಾಡಿ. ಇದು ಕೈಸೇರಿದ ಹಣವಲ್ಲ, ಆ ವರ್ಷ ಒದಗಿಸಿದ ರಕ್ಷಣೆಯ ಬೆಲೆ. ಏನೇ ಆದರೂ ಪಾಲಿಸಿದಾರರಿಗೆ ಮರಳಿಸಲೇಬೇಕಾದ ಉಳಿತಾಯದ ಭಾಗ ಇದರಲ್ಲಿ ಸೇರದು. ಹಾಗಾಗಿ ವರಮಾನ ಹಿಂದಿಗಿಂತ ಚಿಕ್ಕದಾಗಿ ಕಂಡರೆ ವ್ಯಾಪಾರ ಬಿದ್ದಿದೆ ಎಂದುಕೊಳ್ಳಬೇಡಿ.

ಮುಂದಿನ ಹಂತಕ್ಕೆ ತಾಳ್ಮೆ ಬೇಕು. ಹೊಸ ಲೆಕ್ಕದ ಜೀವಾಳ ಇಲ್ಲಿದೆ. ಟಿಪ್ಪಣಿಗಳಲ್ಲಿ ‘ಕಾಂಟ್ರ್ಯಾಕ್ಚುವಲ್ ಸರ್ವಿಸ್ ಮಾರ್ಜಿನ್’, ಅಂದರೆ ಸಿಎಸ್‌ಎಂ ಹುಡುಕಿ. ಪಾಲಿಸಿಗಳಿಂದ ಇನ್ನು ಮುಂದೆ ಗಳಿಸಬೇಕಿರುವ ಲಾಭ ಅದು. ಹತ್ತು ವರ್ಷದ ಪಾಲಿಸಿಗಳ ಒಂದು ಗುಂಪಿನಿಂದ ಒಂದೇ ಕಂತಿನಲ್ಲಿ 1000 ಬಂತೆನ್ನಿ. ಮುಂದೆ ಕೊಡಬೇಕಾದ ಕ್ಲೇಮು, ಖರ್ಚುಗಳ ಇಂದಿನ ಮೌಲ್ಯ 850. ಅಂದಾಜು ತಪ್ಪುವ ಅಪಾಯಕ್ಕೆ 50. ಮಿಕ್ಕ 100 ಸಿಎಸ್‌ಎಂ. ಅದನ್ನು ಮೊದಲ ದಿನವೇ ಲಾಭವೆಂದು ತೋರಿಸುವಂತಿಲ್ಲ, ಇನ್ನೂ ಒದಗಿಸಬೇಕಾದ ಸೇವೆಯ ಹೊಣೆಯೆಂದು ಲೆಕ್ಕಪತ್ರದಲ್ಲಿ ಇಡಬೇಕು; ಬಡ್ಡಿಯ ಲೆಕ್ಕ ಬದಿಗಿಟ್ಟರೆ ವರ್ಷಕ್ಕೆ ಸುಮಾರು 10ರಂತೆ ಲಾಭಕ್ಕೆ ಇಳಿಯುತ್ತದೆ. ಪಾಲಿಸಿ ಕೊಟ್ಟ ಸ್ವಲ್ಪ ದಿನಕ್ಕೇ ಮರಣ ಪ್ರಮಾಣದ ಅಂದಾಜು ಬದಲಾಗಿ ಹೊರೆ 60 ಹೆಚ್ಚಿದರೆ ಸಿಎಸ್‌ಎಂ 40ಕ್ಕೆ ಕುಗ್ಗುತ್ತದೆ. 130 ಹೆಚ್ಚಿದರೆ ಅದು ಪೂರ್ತಿ ಕರಗಿ, ಉಳಿದ 30ರ ನಷ್ಟವನ್ನು ಕೂಡಲೇ ದಾಖಲಿಸಬೇಕು. ಲಾಭ ಹನಿಹನಿಯಾಗಿ, ನಷ್ಟ ಒಮ್ಮೆಗೇ. ನನ್ನ ಮಟ್ಟಿಗೆ ಈ ಮಾನದಂಡದ ದೊಡ್ಡ ಉಪಕಾರ ಇದು. ಇದಕ್ಕೂ ಹಿಂದಿನ ಮಾನದಂಡ, 2004ರಲ್ಲಿ ಬಂದ ಐಎಫ್‌ಆರ್‌ಎಸ್ 4 ಆಯಾ ದೇಶದ ಹಳೆಯ ಪದ್ಧತಿಗಳನ್ನೇ ಬಹುಪಾಲು ಮುಂದುವರಿಯಲು ಬಿಟ್ಟಿತ್ತು.

ವರ್ಷದ ಆರಂಭದ ಮತ್ತು ಕೊನೆಯ ಸಿಎಸ್‌ಎಂ ಹೋಲಿಸುವುದನ್ನೂ ಮರೆಯಬೇಡಿ. ಹೊಸ ಪಾಲಿಸಿಗಳು ತಂದದ್ದಕ್ಕಿಂತ ಲಾಭಕ್ಕೆ ಇಳಿದದ್ದೇ ಹೆಚ್ಚಿದ್ದರೆ ಕಣಜ ಬರಿದಾಗುತ್ತಿದೆ ಎಂದರ್ಥ, ಈ ವರ್ಷದ ಲಾಭ ಎಷ್ಟೇ ಚೆನ್ನಾಗಿರಲಿ.

ಕೊನೆಗೆ ಸಾಲ್ವೆನ್ಸಿಯ, ಅಂದರೆ ಹೊಣೆ ತೀರಿಸುವ ಶಕ್ತಿಯ ಪುಟಕ್ಕೆ ಬನ್ನಿ. ಲಾಭದ ಲೆಕ್ಕ ಬದಲಾದ ಮಾತ್ರಕ್ಕೆ ಕ್ಲೇಮು ಕೊಡುವ ಶಕ್ತಿ ಬದಲಾಗುವುದಿಲ್ಲ. ಅದನ್ನು ನಿಯಂತ್ರಕರು ತಮ್ಮದೇ ಅಳತೆಗೋಲಿನಲ್ಲಿ ನೋಡುತ್ತಾರೆ. ಐರೋಪ್ಯ ಒಕ್ಕೂಟದಲ್ಲಿ 2016ರಿಂದ ಇರುವ ಸಾಲ್ವೆನ್ಸಿ 2 ಎಂಬ ನಿಯಮಾವಳಿ, ಒಂದು ವರ್ಷದ ಆಘಾತವನ್ನು ಶೇ 99.5ರ ಖಾತರಿಯಲ್ಲಿ ತಡೆಯುವಷ್ಟು ಬಂಡವಾಳ ಕೇಳುತ್ತದೆ. ಅದರಲ್ಲಿ ಸಿಎಸ್‌ಎಂ ಎಂಬ ಹೊಣೆಯೇ ಇಲ್ಲ. ಕೆನಡಾ 2023ರಲ್ಲಿ ತನ್ನ ಬಂಡವಾಳ ನಿಯಮಗಳನ್ನು ಹೊಸ ಲೆಕ್ಕಕ್ಕೆ ಹೊಂದಿಸಿಕೊಂಡು ಸಿಎಸ್‌ಎಂನ ಬಹುಭಾಗವನ್ನು ಬಂಡವಾಳವೆಂದೇ ಎಣಿಸಿತು. ಲೆಕ್ಕಪತ್ರದಲ್ಲಿ ಹೊಣೆಯಾಗಿ ಕೂತ ಅದೇ 100, ನಿಯಂತ್ರಕರ ಕಣ್ಣಿಗೆ ಆಸರೆ. ಎರಡು ಪುಟಗಳ ಅಂತರ ಏಕೆ ಬಂತು ಎಂದು ವರದಿ ವಿವರಿಸಿದೆಯೇ ನೋಡಿ. ನೀವು ಷೇರುದಾರರಾಗಿದ್ದು, ವಿವರಣೆ ಸಿಗದಿದ್ದರೆ, ವಾರ್ಷಿಕ ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ.