ನಿಲ್ಲದ ರಿಕರ್ಷನ್‌ಗೆ ಮೊದಲ ಸಾಲಿನಲ್ಲೇ ಕಾವಲು

ಹಾಸನದಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿರುವವರ ಗಮನಕ್ಕೆ: ಫಂಕ್ಷನ್ ತನ್ನನ್ನೇ ಕರೆಯುತ್ತ (ಇದೇ ರಿಕರ್ಷನ್) ನಿಲ್ಲದಿದ್ದರೆ, ನಿಲುಗಡೆಯ ಷರತ್ತಿಗೂ ಮೊದಲಿನ ಸಾಲಿನಲ್ಲಿ ಕರೆಯ ಆಳವನ್ನೂ (ಒಂದರೊಳಗೊಂದು ಎಷ್ಟನೆಯ ಕರೆ ಎಂಬುದನ್ನು) ಆರ್ಗ್ಯುಮೆಂಟನ್ನೂ (ಆ ಕರೆಗೆ ಕೊಟ್ಟ ಬೆಲೆಯನ್ನು) ಪ್ರಿಂಟ್ ಮಾಡಿ, ಆಳ 20 ದಾಟಿದೊಡನೆ ಎರರ್ ಬರುವಂತೆ ಬರೆಯಿರಿ. ಪೈಥಾನ್ ಭಾಷೆ ತಾನಾಗಿ ತಡೆಯುವುದು ಸುಮಾರು 1000 ಕರೆಗಳ ನಂತರ. 20 ಸಾಲುಗಳನ್ನಾದರೆ ಕಣ್ಣಿಟ್ಟು ಓದಬಹುದು. ಆರ್ಗ್ಯುಮೆಂಟಿನ ಬೆಲೆ 5, 3, 1, -1 ಎಂದು ಇಳಿದಿದ್ದರೆ ಸೊನ್ನೆಗೆ ಸಮವೇ ಎಂಬ ಪರೀಕ್ಷೆ ಎಂದೂ ನಿಜವಾಗದು, ಅಲ್ಲಿ ‘ಸೊನ್ನೆ ಅಥವಾ ಅದಕ್ಕಿಂತ ಕಡಿಮೆ’ ಎಂದಿರಬೇಕು. 5, 5, 5 ಎಂದೇ ಬಂದರೆ ಮುಂದಿನ ಕರೆಗೆ ಕಿರಿದಾದ ಬೆಲೆ ಹೋಗಿಯೇ ಇಲ್ಲ. ಬಸ್ ಮಾರ್ಗ ಹುಡುಕುವ ಫಂಕ್ಷನ್ ಹಾಸನ, ಬೇಲೂರು, ಹಳೇಬೀಡು, ಮತ್ತೆ ಹಾಸನ ಎಂದು ತೋರಿಸಿದರೆ, ಈಗಾಗಲೇ ನೋಡಿದ ಊರುಗಳನ್ನು ಒಂದು ಸೆಟ್‌ನಲ್ಲಿ (ಒಂದೇ ಅಂಶವನ್ನು ಎರಡು ಬಾರಿ ಇಡದ ಸಂಗ್ರಹದಲ್ಲಿ) ಇಟ್ಟುಕೊಂಡು, ಅವನ್ನು ಮತ್ತೆ ಕರೆಯದಂತೆ ಮಾಡಬೇಕು. ಆದರೆ ಫಿಬೊನಾಚಿ ಸರಣಿಯ (ಹಿಂದಿನ ಎರಡರ ಮೊತ್ತವೇ ಮುಂದಿನ ಸಂಖ್ಯೆ) ಲೆಕ್ಕದಂತೆ ಕವಲೊಡೆಯುವ ಕರೆಗಳಲ್ಲಿ ಆಳ ಮಿತಿಯೊಳಗೇ ಇದ್ದು ಕರೆಗಳ ಸಂಖ್ಯೆ ಮಾತ್ರ ಬೆಳೆಯುವುದರಿಂದ, ಅಲ್ಲಿ ಈ ಉಪಾಯ ನಡೆಯದು.