ಏಳು ಪುಸ್ತಕದ ಒಂದು ಮನೆ

ಕ್ರಿಶ್ಚಿಯನ್ ರೊಮ್ಯಾಂಟಿಕ್ ಸಸ್ಪೆನ್ಸ್ ಕಾದಂಬರಿಯನ್ನು ಪತ್ತೇದಾರಿ ಕಥೆ ಎಂದುಕೊಂಡು ಓದಿದರೆ ನಿರಾಸೆಯಾಗುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಪಳಗಿದವರಿಗೆ ಇಲ್ಲಿನ ಅಪರಾಧಿ ಅರ್ಧ ಪುಸ್ತಕಕ್ಕೆ ಮುಂಚೆಯೇ ಸಿಕ್ಕಿಬೀಳುತ್ತಾನೆ. ಬರೀ ಪ್ರೇಮಕಥೆ ಎಂದು ಓದಿದರೂ ಸಪ್ಪೆ. ಇನ್ನೂರು ಪುಟ ದಾಟಿದರೂ ಒಂದು ಮುತ್ತಿಗಿಂತ ಮುಂದೆ ಹೋಗುವುದಿಲ್ಲ. ಇವುಗಳಲ್ಲಿ ನಾಲ್ಕು ಎಳೆ ಇರುತ್ತವೆ: ಅಪಾಯ, ಪ್ರೀತಿ, ದೇವರ ಮೇಲಿನ ನಂಬಿಕೆ, ಮನೆ ಎಂದರೆ ಮನೆಮಂದಿಯ ಕಥೆ. ಮೊದಲ ಮೂರು ಆಯಾ ಪುಸ್ತಕದಲ್ಲೇ ಮುಗಿಯುತ್ತವೆ. ಮನೆಯ ಎಳೆ ಮಾತ್ರ ಮುಂದಿನ ಪುಸ್ತಕಕ್ಕೆ ದಾಟುತ್ತದೆ. ನಾನು ಹಿಡಿದು ಓದುವುದು ಅದನ್ನು.

ಹಾಗಾಗಿ ಮೊದಲ ಕೆಲಸ, ಸರಣಿಯ ಕ್ರಮ ಗೊತ್ತುಮಾಡಿಕೊಳ್ಳುವುದು. ಅಮೆರಿಕದ ಲೇಖಕಿ ಡೀ ಹೆಂಡರ್ಸನ್ ಅವರ ಓಮ್ಯಾಲಿ ಸರಣಿಯನ್ನೇ ತೆಗೆದುಕೊಳ್ಳಿ. ಅನಾಥಾಲಯವೊಂದರಲ್ಲಿ ಬೆಳೆದ ಏಳು ಜನ, ಒಬ್ಬರಿಗೊಬ್ಬರು ರಕ್ತಸಂಬಂಧಿಗಳಲ್ಲ. ದೊಡ್ಡವರಾದ ಮೇಲೆ ಕಾನೂನು ಪ್ರಕಾರ ಒಂದೇ ಮನೆತನದ ಹೆಸರು ಇಟ್ಟುಕೊಂಡು ಅಣ್ಣ ತಂಗಿಯರಾದವರು. ಸಂಖ್ಯೆ ಕೊಟ್ಟ ಪುಸ್ತಕ ಆರು, 2000ದಿಂದ 2003ರ ನಡುವೆ ಬಂದವು. ಒಬ್ಬೊಬ್ಬರಿಗೆ ಒಂದು: ಒತ್ತೆಯಾಳುಗಳನ್ನು ಬಿಡಿಸಲು ಮಾತುಕತೆ ನಡೆಸುವ ಕೇಟ್, ಯು.ಎಸ್. ಮಾರ್ಷಲ್ ಮಾರ್ಕಸ್, ಶವಪರೀಕ್ಷೆಯ ಡಾಕ್ಟರ್ ಲೀಸಾ, ಅಗ್ನಿಶಾಮಕ ದಳದ ಜ್ಯಾಕ್, ಆಘಾತಕ್ಕೆ ಸಿಕ್ಕವರ ಮನಸ್ಸು ನೋಡಿಕೊಳ್ಳುವ ರೇಚಲ್, ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವ ಪ್ಯಾರಾಮೆಡಿಕ್ ಸ್ಟೀಫನ್. ಇದೇ ಕ್ರಮ. ಏಳನೆಯವಳು ಜೆನಿಫರ್, ಮಕ್ಕಳ ಡಾಕ್ಟರ್. ಆರರಲ್ಲಿ ಅವಳಿಗೆಂದು ಬೇರೆ ಪುಸ್ತಕವಿಲ್ಲ, ಆದರೆ ಅವಳ ಕ್ಯಾನ್ಸರ್ ಮೊದಲ ಪುಸ್ತಕದಲ್ಲೇ ಶುರುವಾಗಿ ಉಳಿದವರ ಕಥೆಯೊಳಗೆ ಹರಿಯುತ್ತದೆ. ನಡುವಿನ ಜ್ಯಾಕ್‌ನ ಪುಸ್ತಕ ಕೈಗೆ ಸಿಕ್ಕಿತೆಂದು ಅಲ್ಲಿಂದ ಆರಂಭಿಸಿದರೆ ಬೆಂಕಿಯ ಗುಟ್ಟೇನೋ ಬಿಡಿಸಿಕೊಳ್ಳಬಹುದು. ಯಾರಿಗೆ ಯಾರ ಜೊತೆ ಮದುವೆ ಗೊತ್ತಾಗಿದೆ, ಜೆನಿಫರ್ ಸ್ಥಿತಿ ಎಲ್ಲಿಗೆ ಬಂದಿದೆ ಎನ್ನುವುದು ಮಾತ್ರ ಮೊದಲ ಅಧ್ಯಾಯಗಳಲ್ಲೇ ಬಯಲಾಗಿ, ಹಿಂದಿನ ಮೂರು ಪುಸ್ತಕದ ಬಿಗಿ ಸತ್ತುಹೋಗುತ್ತದೆ.

ಈ ಆರಕ್ಕೂ ಮುಂಚೆ 1999ರಲ್ಲಿ ಬಂದ ‘ಡೇಂಜರ್ ಇನ್ ದಿ ಶ್ಯಾಡೋಸ್’ ಇದೆ, ಈಗ ಪೂರ್ವಕಥೆ ಎಂದು ಮಾರುತ್ತಾರೆ. ಅದರಲ್ಲಿ ತಂಗಿಯನ್ನು ಕಾಯುವ ಎಫ್‌ಬಿಐನ ಡೇವ್ ಮುಂದೆ ಕೇಟ್‌ಳ ಪುಸ್ತಕದ ನಾಯಕ. ಬಿಟ್ಟು ಓದಿದರೂ ಕಥೆ ತಿಳಿಯುತ್ತದೆ, ನಾನಾದರೆ ಬಿಡುವುದಿಲ್ಲ.

ಕ್ರಮ ತಿಳಿಯಲು ಹಿಂಬದಿ ರಕ್ಷಾಪುಟ ಓದಬೇಡಿ. ಎರಡನೇ ಪುಸ್ತಕದ ಬೆನ್ನಲ್ಲೇ ಮೊದಲನೆಯದರ ಮದುವೆ ಅಚ್ಚಾಗಿರುತ್ತದೆ. ಶೀರ್ಷಿಕೆ ಪುಟದ ಆಚೀಚೆ ಅದೇ ಲೇಖಕರ ಬೇರೆ ಕೃತಿಗಳ ಪಟ್ಟಿ ಇರುತ್ತದೆ, ಸರಣಿವಾರು. ಅದು ಸಾಕು.

ಇನ್ನು ಟಿಪ್ಪಣಿಯ ಹಾಳೆ. ಪ್ರತಿ ಸರಣಿಗೆ ಒಂದು ಉದ್ದ ನೋಟ್‌ಬುಕ್ಕಿನ ಎರಡು ಪುಟ ಮೀಸಲಿಡುತ್ತೇನೆ. ಎಡಪುಟದಲ್ಲಿ ಮನೆಯವರು, ಹಿರಿಯರಿಂದ ಕಿರಿಯರಿಗೆ. ಇಂಗ್ಲಿಷಿನಲ್ಲಿ ಬ್ರದರ್ ಎಂದರೆ ಅಣ್ಣನೂ ಹೌದು ತಮ್ಮನೂ ಹೌದು. ಸಿಸ್ಟರ್ ಇನ್ ಲಾ ಎಂದರೆ ಅತ್ತಿಗೆ, ನಾದಿನಿ, ಓರಗಿತ್ತಿ ಎಲ್ಲರೂ ಒಂದೇ. ಕನ್ನಡದಲ್ಲಿ ಯೋಚಿಸುವ ನಮಗೆ ಯಾರು ಯಾರಿಗೆ ಬುದ್ಧಿ ಹೇಳಬಹುದು, ಯಾರು ಯಾರ ಮಾತು ಮೀರಿದರೆ ದೊಡ್ಡ ವಿಷಯ ಎನ್ನುವುದು ಅದರ ಮೇಲೇ ನಿಂತಿದೆ. ಮಾರ್ಕಸ್ ಎಲ್ಲರಿಗೂ ದೊಡ್ಡಣ್ಣ, ಜೆನಿಫರ್ ಕೊನೆಯವಳು ಎಂದು ಬರೆದುಕೊಂಡ ಕೂಡಲೇ ಅವನು ಸಿಡುಕುವುದಕ್ಕೂ ಅವಳು ಸಮಾಧಾನ ಹೇಳುವುದಕ್ಕೂ ತೂಕ ಬರುತ್ತದೆ. ಹೆಸರಿನ ಮುಂದೆ ಕೆಲಸ, ಮತ್ತು ಕಷ್ಟ ಬಂದಾಗ ಆ ವ್ಯಕ್ತಿ ಮೊದಲು ಯಾರಿಗೆ ಫೋನ್ ಮಾಡುತ್ತಾನೆ ಎಂಬುದು. ಈ ಮೂರನೆಯ ಕಾಲಂ ಬಹಳ ಉಪಯೋಗದ್ದು. ಯಾರು ಯಾರಿಗೂ ಫೋನ್ ಮಾಡುವುದಿಲ್ಲವೋ ಅವರ ಗುಟ್ಟು ಮುಂದೆ ಒಂದು ಪುಸ್ತಕವಾಗುತ್ತದೆ.

ಬಲಪುಟದಲ್ಲಿ ಹೊರಗಿನವರು: ಸಹೋದ್ಯೋಗಿ, ನೆರೆಯವರು, ಹಳೆಯ ಗೆಳೆಯ. ಅಪರಾಧಿಯನ್ನು ನಾನು ಹುಡುಕುವುದು ಈ ಪುಟದಲ್ಲಿ. ಮನೆಯೊಳಗಿನವನೇ ಕೊಲೆಗಾರನಾದರೆ ಸರಣಿಯ ತಳಪಾಯವೇ ಕುಸಿಯುತ್ತದಲ್ಲ, ಲೇಖಕರು ಆ ಕಡೆ ಸುಲಭಕ್ಕೆ ಹೋಗುವುದಿಲ್ಲ. ಹೆಸರಿಲ್ಲದ ಅಪರಾಧಿಯ ಮನಸ್ಸಿನೊಳಗಿನ ತುಣುಕುಗಳು ಅಲ್ಲಲ್ಲಿ ಓರೆ ಅಕ್ಷರದಲ್ಲಿ ಬರುತ್ತವೆ. ರೋಚಕವೆಂದು ಓಡಿಸಿಕೊಂಡು ಹೋಗಬೇಡಿ. ಅವನಿಗೆ ಏನೇನು ಗೊತ್ತಿದೆ ಎಂದು ಪುಟಸಂಖ್ಯೆ ಸಮೇತ ಗುರುತು ಹಾಕಿ. ಭಾನುವಾರದ ಊಟಕ್ಕೆ ಯಾರು ಬರಲಿಲ್ಲ ಎಂಬುದು ಅವನಿಗೆ ತಿಳಿದಿದ್ದರೆ, ಆ ಊಟಕ್ಕೆ ಬಂದಿದ್ದ ಹೊರಗಿನವರು ಎಷ್ಟು ಜನ? ಇಬ್ಬರೋ ಮೂವರೋ. ಪಟ್ಟಿ ಅಲ್ಲಿಗೇ ಸಣ್ಣದಾಯಿತು.

ಅಧಿಕಾರಿಗಳ ಹೆಸರಲ್ಲಿ ನಾವು ಎಡವುತ್ತೇವೆ. ಮಾರ್ಷಲ್ ಎಂದರೆ ವಿಧಾನಸಭೆಯಿಂದ ಶಾಸಕರನ್ನು ಎತ್ತಿ ಹೊರಗೆ ಹಾಕುವವರಲ್ಲ. ಫೆಡರಲ್ ನ್ಯಾಯಾಧೀಶರನ್ನೂ ಸಾಕ್ಷಿಗಳನ್ನೂ ಕಾಯುವ, ತಪ್ಪಿಸಿಕೊಂಡವರನ್ನು ಹಿಡಿಯುವ ದಳ. ಷೆರಿಫ್ ಅನ್ನು ಮಂಡ್ಯದ ಎಸ್‌ಪಿ ಥರ ಎಂದುಕೊಂಡರೂ ತಪ್ಪು. ಎಸ್‌ಪಿಯನ್ನು ಸರ್ಕಾರ ನೇಮಿಸುತ್ತದೆ, ಷೆರಿಫ್ ಸಾಮಾನ್ಯವಾಗಿ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯಂಥ ವಿಭಾಗದ, ಜನರ ಓಟಿನಿಂದ ಬರುವವನು. ಊರಿನ ದೊಡ್ಡ ಮನೆತನವೊಂದನ್ನು ಅವನು ಎದುರುಹಾಕಿಕೊಳ್ಳಲು ಏಕೆ ಹಿಂದೇಟು ಹಾಕುತ್ತಾನೆ ಎಂಬುದು ಇದು ತಿಳಿದರೆ ಮಾತ್ರ ಅರ್ಥವಾಗುತ್ತದೆ.

ನಂಬಿಕೆಯ ಎಳೆಯ ಬಗ್ಗೆ ಓದುಗರ ದೂರು ಒಂದೇ: ನಾಯಕ ನಾಯಕಿ ಇಬ್ಬರಿಗೂ ಇಷ್ಟವಿದೆ, ಮತ್ತೇಕೆ ಈ ಎಳೆದಾಟ? ಕಾರಣ ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಎರಡನೆಯ ಪತ್ರ, 6:14. ನಂಬದವರ ಜೊತೆ ಒಂದೇ ನೊಗಕ್ಕೆ ಕೊರಳು ಕೊಡಬೇಡಿ ಎಂಬ ಅರ್ಥದ ಮಾತು. ಹಳೆಯ ಕನ್ನಡ ಸತ್ಯವೇದದಲ್ಲಿ ಅಲ್ಲಿ ಇಜ್ಜೋಡು ಎಂಬ ಪದವಿದೆ. ಮಂಡ್ಯದ ಕಡೆ ಎತ್ತು ಕಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ, ಒಂದು ಎತ್ತರದ ಎತ್ತು ಒಂದು ಗಿಡ್ಡ ಎತ್ತು ಕಟ್ಟಿದರೆ ಉಳುಮೆ ಏನಾಗುತ್ತದೆಂದು. ಈ ಕಾದಂಬರಿಗಳಲ್ಲಿ ಅದು ಬರಹದ ಕಟ್ಟಳೆಯೇ ಆಗಿದೆ. ನಂಬಿಕೆ ಬರುವವರೆಗೆ ಮದುವೆ ನಿಶ್ಚಯವಾಗುವುದಿಲ್ಲ. ಆ ಬದಲಾವಣೆ ಗುಂಡೇಟು ಬಿದ್ದ ರಾತ್ರಿ ದಿಢೀರನೆ ಬಂದರೆ ಪುಸ್ತಕ ದುರ್ಬಲ. ನೂರು ಪುಟ ಹಿಂದಿನಿಂದ ಪ್ರಶ್ನೆ ಕೇಳುತ್ತಾ ಬಂದಿದ್ದರೆ ಗಟ್ಟಿ. ಕೈಯಳತೆಯಲ್ಲಿ ಕನ್ನಡ ಸತ್ಯವೇದ ಇಟ್ಟುಕೊಳ್ಳಿ, ವಚನದ ಸಂಖ್ಯೆ ಕಂಡ ಕಡೆ ತೆರೆದು ನೋಡಿ. ಅನಾಥರು ಮನೆ ಕಟ್ಟಿಕೊಳ್ಳುವ ಕಥೆಗೆ ಕೀರ್ತನೆ 68:6, ಅಣ್ಣತಮ್ಮಂದಿರ ಜಗಳಕ್ಕೆ ಆದಿಕಾಂಡ 37ರಿಂದ ಮುಂದಿನ ಯೋಸೇಫನ ಕಥೆ ಓದಿಕೊಂಡರೆ ಅರ್ಧ ಕೀಲಿ ಸಿಕ್ಕಂತೆ. ಸೇಂಟ್ ಫಿಲೋಮಿನಾ ಚರ್ಚಿಗೆ ಹೋಗುವ ಕಥೋಲಿಕ ಓದುಗರಿಗೆ ಪೂಜೆ, ಪಾಪನಿವೇದನೆ ಕಾಣದೆ ಒಂಥರಾ ಅನ್ನಿಸಬಹುದು. ಈ ಬಗೆಯ ಹೆಚ್ಚಿನ ಪುಸ್ತಕಗಳು ಅಮೆರಿಕದ ಇವ್ಯಾಂಜೆಲಿಕಲ್, ಅಂದರೆ ಬೈಬಲ್ ಮತ್ತು ವೈಯಕ್ತಿಕ ನಂಬಿಕೆಗೆ ಒತ್ತುಕೊಡುವ ಪ್ರಾಟೆಸ್ಟಂಟ್, ಸಭೆಗಳ ವಾತಾವರಣದವು.

ಕೊಳ್ಳುವ ವಿಷಯ. ಮೈಸೂರಿನಲ್ಲಿ ಬಿಡಿ ಸಂಪುಟ ಸಿಗಬಹುದು, ಪೂರ್ತಿ ಸರಣಿ ಸಿಗುವುದು ಕಷ್ಟ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಗಳನ್ನು ಜಾಲಾಡಬೇಕು. ಮರುಮುದ್ರಣದಲ್ಲಿ ಮುಖಪುಟ ಬದಲಾಗುವುದರಿಂದ ಇದ್ದ ಪುಸ್ತಕವನ್ನೇ ಮತ್ತೆ ಕೊಳ್ಳುವ ಅಪಾಯ ಉಂಟು. ಹಕ್ಕುಸ್ವಾಮ್ಯದ ಪುಟದ ಮೊದಲ ವರ್ಷ ನೋಡಿ. ಜೇಬಿನಳತೆಯ ಹಳೆ ಪ್ರತಿಗಳ ಬೆನ್ನಿನ ಗೋಂದು ಒಣಗಿರುತ್ತದೆ, ನಡುಪುಟ ತೆರೆದಾಗ ಚಟ್ಟೆಂದರೆ ಬಿಟ್ಟುಬಿಡಿ. ಹಾರ್ಲೆಕ್ವಿನ್ ಪ್ರಕಾಶನದವರ ಲವ್ ಇನ್‌ಸ್ಪೈರ್ಡ್ ಸಸ್ಪೆನ್ಸ್ ಮಾಲೆಯ ಪುಸ್ತಕಗಳು ಸಣ್ಣವು, ಸುಮಾರು 55,000 ಪದ. ರುಚಿ ನೋಡಲು ಸರಿ. ಅಲ್ಲಿ ಒಂದೇ ಮನೆತನದ ಕಥೆಯನ್ನು ಬೇರೆ ಬೇರೆ ಲೇಖಕರು ಹಂಚಿಕೊಂಡು ಬರೆಯುವುದೂ ಇದೆ. ಹಾಗಾಗಿ ಪಾತ್ರಗಳ ಸ್ವಭಾವ ಪುಸ್ತಕದಿಂದ ಪುಸ್ತಕಕ್ಕೆ ಅಲುಗಾಡುತ್ತದೆ.

ವೇಗ: ಇಂಗ್ಲಿಷ್ ಎರಡನೇ ಭಾಷೆಯಾದವರಿಗೆ ಗಂಟೆಗೆ 30 ಪುಟ ಹಿಡಿಯಿರಿ. 340 ಪುಟದ ಪುಸ್ತಕಕ್ಕೆ ಹನ್ನೊಂದು ಗಂಟೆ ಮೇಲೆ. ಮೈಸೂರಿನಲ್ಲಿ ರೈಲು ಹತ್ತಿದರೆ ಮಂಡ್ಯ ಬರುವಷ್ಟರಲ್ಲಿ ಇಪ್ಪತ್ತು ಪುಟ ಚಿಲ್ಲರೆ. ಅಧ್ಯಾಯದ ಕೊನೆಗೆ ನಿಲ್ಲಿಸಲು ಹೋದರೆ ನಿದ್ದೆ ಕೆಟ್ಟಂತೆಯೇ, ಗುಂಡು ಹಾರುವುದು ಅಲ್ಲೇ. ಮನೆಮಂದಿ ಸೇರಿದ ದೃಶ್ಯ ಮುಗಿದ ಕಡೆ, ಅಧ್ಯಾಯದ ನಡುವೆ, ಗುರುತು ಇಡಿ.

ಒಂದರ ಮೇಲೊಂದು ಮೂರು ಓದಿದರೆ ಎಲ್ಲ ಒಂದೇ ಅಚ್ಚಿನವು ಎಂಬುದು ಎದ್ದು ಕಾಣುತ್ತದೆ. ನಡುವೆ ಬೇರೇನಾದರೂ ಬೇಕು. ನಾನು ತ್ರಿವೇಣಿಯವರನ್ನು ತೆಗೆಯುತ್ತೇನೆ. ಮಂಡ್ಯದಲ್ಲಿ ಹುಟ್ಟಿ ಮೈಸೂರಿನ ಚಾಮರಾಜಪುರದಲ್ಲಿ ಬರೆದವರು, ಬಂದೂಕು ಇಲ್ಲದೆಯೇ ಒಂದು ಮನೆಯೊಳಗಿನ ಭಯ ತೋರಿಸುತ್ತಾರೆ.

ಚರ್ಚ್ ಸಭೆಯ ಅಕ್ಕಂದಿರು ಓದಲು ಕೇಳಿದಾಗ ಮೊದಲ ಎರಡು ಪುಸ್ತಕ ಒಟ್ಟಿಗೆ ಕೊಡಿ. ಒಂದೇ ಕೊಟ್ಟರೆ ಎರಡನೆಯದನ್ನು ಬೇರೆ ಕಡೆ ಹುಡುಕಿ ನಾಲ್ಕನೆಯದನ್ನು ತರುತ್ತಾರೆ. ಒಳರಟ್ಟಿಗೆ ಕ್ರಮದ ಚೀಟಿ ಅಂಟಿಸಿ, ನೋಟ್‌ಬುಕ್ಕಿನ ಬಲಪುಟ ಮಾತ್ರ ಯಾರಿಗೂ ತೋರಿಸಬೇಡಿ.