ಸೂರ್ಯಕಾಂತಿ ಹಿಂಡಿ ಹಾಕುವ ಮುನ್ನ ಲೈಸಿನ್ ಲೆಕ್ಕ

ಸೋಯಾ ಹಿಂಡಿಯ ದರ ಏರಿದಾಗಲೆಲ್ಲ ಮೊಟ್ಟೆ ಕೋಳಿ ಸಾಕುವವರ ಕಣ್ಣು ಸೂರ್ಯಕಾಂತಿ ಹಿಂಡಿಯ ಮೇಲೆ ಬೀಳುತ್ತದೆ. ಹಾಕಬಹುದು, ಅಡ್ಡಿಯಿಲ್ಲ. ಕಚ್ಚಾ ಪ್ರೋಟೀನ್ (ಮೇವಿನ ಒಟ್ಟು ಪ್ರೋಟೀನ್) ಹೊಂದಿಸಿ, ಅದರೊಳಗಿನ ಅಗತ್ಯ ಅಮೈನೋ ಆಮ್ಲವಾದ ಲೈಸಿನ್ ನೋಡದೆ ಸುಮ್ಮನಾದರೆ ಮಾತ್ರ ಮೊಟ್ಟೆಯ ತೂಕ ಇಳಿಯುತ್ತದೆ, ಮೇವು ತಿನ್ನುವುದು ಹೆಚ್ಚುತ್ತದೆ.

ಮೊದಲು ಲಾಟಿನ, ಅಂದರೆ ಬಂದ ಪ್ರತಿ ಲೋಡಿನ, ಪರೀಕ್ಷೆ. ಸಿಪ್ಪೆ ಎಷ್ಟು ಉಳಿದಿದೆ ಎಂಬುದರ ಮೇಲೆ ಪ್ರೋಟೀನ್ ಶೇ. 28ರಿಂದ 36, ನಾರು ಶೇ. 18ರಿಂದ 28ರವರೆಗೆ ಹೊಯ್ದಾಡುತ್ತದೆ. ಒಂದೇ ಗಿರಣಿಯ ಎರಡು ಲೋಡುಗಳೂ ಒಂದೇ ಥರ ಇರಬೇಕೆಂದಿಲ್ಲ. ಬೇರೆ ಬೇರೆ ಒಟ್ಟಿ, ಬೇರೆ ಬೇರೆ ಸ್ಯಾಂಪಲ್ ತೆಗೆಯಿರಿ. ಪ್ರೋಟೀನ್, ನಾರಿನ ಜೊತೆಗೆ ಲೈಸಿನ್ ಕೂಡ ಕೇಳಿ. ಪ್ರೋಟೀನಿನಲ್ಲಿ ಲೈಸಿನ್ ಪಾಲು ಶೇ. 3.5ರ ಆಸುಪಾಸು ಇರಬೇಕು. ಶೇ. 3ಕ್ಕೆ ಇಳಿದು ಬಣ್ಣವೂ ಕಪ್ಪಾಗಿದ್ದರೆ ಹಿಂಡಿ ಹೆಚ್ಚು ಬೆಂದಿದೆ, ಉಳಿದ ಲೈಸಿನ್ನೂ ಪೂರ್ತಿ ಜೀರ್ಣವಾಗುವುದಿಲ್ಲ. ನಮ್ಮ ಪ್ರಕಾರ ನಾರಿಗಿಂತ ಇದೇ ದೊಡ್ಡ ಅಪಾಯ.

ನಾರು ಎರಡು ಕಡೆ ಹೊಡೆತ ಕೊಡುತ್ತದೆ. ಜೀವಕೋಶದ ಗೋಡೆಯಲ್ಲಿ ಸಿಕ್ಕಿಕೊಂಡ ಪ್ರೋಟೀನ್ ಕಿಣ್ವಗಳ ಕೈಗೆ ಸಿಗುವುದಿಲ್ಲ; ಕರುಳಿನ ಲೋಳೆ ಹೆಚ್ಚು ಸವೆದು ಕೋಳಿಯದೇ ಅಮೈನೋ ಆಮ್ಲ ನಷ್ಟವಾಗುತ್ತದೆ. ಅದಕ್ಕೇ ಕೋಷ್ಟಕ ನೋಡುವಾಗ ಸಣ್ಣ ಕರುಳಿನ ತುದಿಯಲ್ಲಿ ಅಳೆದ, ಈ ನಷ್ಟ ಸರಿಪಡಿಸಿದ ಅಂಕಿಗಳನ್ನೇ ಹಿಡಿಯಿರಿ. ಹಿಕ್ಕೆಯಲ್ಲಿ ಅಳೆದದ್ದರಲ್ಲಿ ಕುರುಡುಕರುಳಿನ ಬ್ಯಾಕ್ಟೀರಿಯಾಗಳ ಕೈವಾಡ ಸೇರಿರುತ್ತದೆ.

ಈಗ ಲೆಕ್ಕ. ಟನ್ ಮೇವಿನಲ್ಲಿ 100 ಕಿಲೋ ಸೋಯಾ ತೆಗೆದು ಅಷ್ಟೇ ಸೂರ್ಯಕಾಂತಿ ಹಾಕುತ್ತೀರಿ ಅಂದುಕೊಳ್ಳಿ. ಶೇ. 46 ಪ್ರೋಟೀನಿನ ಸೋಯಾದಲ್ಲಿ ಲೈಸಿನ್ ಶೇ. 2.85, ಜೀರ್ಣವಾಗುವುದು ಶೇ. 90, ಅಂದರೆ 2.57. ಶೇ. 28ರ ಸೂರ್ಯಕಾಂತಿಯಲ್ಲಿ 0.98, ಜೀರ್ಣವಾಗುವುದು ಶೇ. 82, ಅಂದರೆ 0.80. ಟನ್ನಿಗೆ 1.77 ಕಿಲೋ ಕೊರತೆ, ಶೇ. 78ರ ಲೈಸಿನ್ ಹೈಡ್ರೋಕ್ಲೋರೈಡ್ ಸುಮಾರು 2.3 ಕಿಲೋ ಬೇಕು. ಇನ್ನೊಂದು ಅಮೈನೋ ಆಮ್ಲ ಥ್ರಿಯೋನಿನ್ 0.7 ಕಿಲೋ. ಮೂರನೆಯದಾದ ಮೆಥಿಯೋನಿನ್ ಮುಟ್ಟಬೇಡಿ, ಎರಡರಲ್ಲೂ ಹೆಚ್ಚುಕಡಿಮೆ ಸಮ.

ಹಲವರು ಮರೆಯುವುದು ಕ್ಲೋರೈಡನ್ನು. ಆ 2.3 ಕಿಲೋದೊಂದಿಗೆ ಅರ್ಧ ಕಿಲೋದಷ್ಟು ಕ್ಲೋರೈಡ್ ಬರುತ್ತದೆ, ಬೇಸಿಗೆಯಲ್ಲಿ ಚಿಪ್ಪು ತೆಳುವಾಗಲು ಅದೂ ಒಂದು ಕಾರಣ. ಉಪ್ಪು 0.7 ಕಿಲೋ ಕಡಿಮೆ ಮಾಡಿ, ಅಡುಗೆ ಸೋಡಾ 1 ಕಿಲೋ ಸೇರಿಸಿದರೆ ಸೋಡಿಯಂ ಸಮವಾಗುತ್ತದೆ.

ಮೇವಿನ ಶಕ್ತಿಯೂ ಕಿಲೋಗೆ 80 ಕಿಲೋಕ್ಯಾಲೊರಿಯಷ್ಟು ಕುಸಿಯುತ್ತದೆ. ಅಷ್ಟೇ ತೂಕದ ಮೆಕ್ಕೆಜೋಳ ತೆಗೆದು ಎಣ್ಣೆಯಿಂದ ತುಂಬಿಸಲು ಟನ್ನಿಗೆ 15 ಕಿಲೋ ಬೇಕು. ಇಷ್ಟು ಖರ್ಚು ಸೇರಿಸಿಯೂ ಅಗ್ಗವೆನಿಸಿದರೆ ಮಾತ್ರ ಕೊಳ್ಳಿ. ಮೊಟ್ಟೆ ಕೋಳಿಗೆ ಶೇ. 10 ಸಲೀಸು. ಬ್ರಾಯ್ಲರ್‌ಗೆ ಮೊದಲ 10 ದಿನ ಬೇಡ, ಕೊನೆಯ ಹಂತದಲ್ಲಿ ಶೇ. 5 ಸಾಕು.

ಕಿಣ್ವದ ಪುಡಿಯ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಈ ಸಿಪ್ಪೆಯ ನಾರಿನ ಬಹುಪಾಲು ಲಿಗ್ನಿನ್, ಸೆಲ್ಯುಲೋಸ್; ಬರೀ ಕ್ಸೈಲನೇಸ್ ಎಂಬ ಕಿಣ್ವ ಅದನ್ನು ಒಡೆಯದು. ಗಂಗಾವತಿ, ಸಿಂಧನೂರು ಕಡೆ ಧಾರಾಳವಾಗಿ ಸಿಗುವ ಅಕ್ಕಿ ತೌಡಿನಿಂದ ಎಣ್ಣೆ ತೆಗೆದ ಸರಕಿಗೂ ಇದೇ ಲೆಕ್ಕ, ಜೀರ್ಣವಾಗುವ ಲೈಸಿನ್ ಪಾಲು ಮಾತ್ರ ಶೇ. 70-75. ಅದರಲ್ಲಿ ರಂಜಕವನ್ನು ಹಿಡಿದಿಡುವ ಫೈಟೇಟ್ ಹೆಚ್ಚಿರುವುದರಿಂದ ಅದನ್ನು ಒಡೆಯುವ ಫೈಟೇಸ್ ಕಿಣ್ವ ಹಾಕಿ. ಹೊಟ್ಟಿನ ಕಲಬೆರಕೆ ಹಿಡಿಯಲು ಆಮ್ಲದಲ್ಲಿ ಕರಗದ ಬೂದಿಯ ಪರೀಕ್ಷೆಯನ್ನೂ ಮಾಡಿಸಿ.